ಸೋರಿಕೆ ಸಹಿಸದ ಮೆಕ್ಯಾನಿಕ್

ಹೊಸ ಡೀಸೆಲ್ ಫಿಲ್ಟರ್ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಟ ಲಾರಿ ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೆಮ್ಮಿ, ಮುಕ್ಕರಿಸಿ ನಿಂತುಬಿಡುತ್ತದೆ. ಡ್ರೈವರ್ ಇಳಿದು ಟಾರ್ಚ್ ಬಿಟ್ಟು ನೋಡುತ್ತಾನೆ. ನೆಲದ ಮೇಲೆ ಒಂದು ಹನಿ ಡೀಸೆಲ್ ಇಲ್ಲ. ಟ್ಯಾಂಕ್ ತುಂಬಿದೆ. ಫಿಲ್ಟರ್ ಬೆಳಿಗ್ಗೆಯಷ್ಟೇ ಹಾಕಿದ್ದು. ಆದರೂ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಅನುಭವಸ್ಥ ಮೆಕ್ಯಾನಿಕ್ ಬಂದರೆ ಒಂದೇ ಮಾತಿನಲ್ಲಿ ರೋಗ ಹೇಳುತ್ತಾನೆ: ಏರ್ ಹಿಡಿದಿದೆ. ಡೀಸೆಲ್ ಹೊರಗೆ ಸೋರಿಲ್ಲ, ಗಾಳಿ ಒಳಗೆ ಸೋರಿದೆ.

ಒಂದು ಗುಳ್ಳೆ ಗಾಳಿ ಹತ್ತು ಟನ್ ಹೊತ್ತ ಲಾರಿಯನ್ನು ನಿಲ್ಲಿಸುತ್ತದೆ ಎಂದರೆ ಮೊದಲಿಗೆ ನಂಬುವುದು ಕಷ್ಟ. ಏಕೆ ಹಾಗಾಗುತ್ತದೆ ಎಂದು ಹುಡುಕುತ್ತ ಹೋದರೆ ಎಂಜಿನ್ ಪಕ್ಕದಲ್ಲಿ ಕುಳಿತಿರುವ ಇಂಜೆಕ್ಷನ್ ಪಂಪಿಗೆ ಬಂದು ನಿಲ್ಲುತ್ತೇವೆ. ನಮ್ಮ ಕಡೆಯ ಹಳೆಯ ಗ್ಯಾರೇಜುಗಳಲ್ಲಿ ಅದನ್ನು ಮೈಕೊ ಪಂಪ್ ಎಂದು ಕರೆಯುವುದುಂಟು. ಆ ಪಂಪಿನ ಹಿಂದೆ ಇರುವ ವ್ಯಕ್ತಿ ರಾಬರ್ಟ್ ಬಾಷ್. ಎಂಜಿನ್ನಿಗೆ ರುಡಾಲ್ಫ್ ಡೀಸೆಲ್ ಅವರ ಹೆಸರಿದೆ. ಪಠ್ಯಪುಸ್ತಕದಲ್ಲೂ ಅವರಿಗೇ ಜಾಗ ಹೆಚ್ಚು. ಆದರೆ ಆ ಎಂಜಿನ್ನನ್ನು ಲಾರಿಗೆ ಹತ್ತಿಸಿದ ಕೆಲಸದಲ್ಲಿ ದೊಡ್ಡ ಪಾಲು ಪದವಿಯನ್ನೇ ಪಡೆಯದ ಈ ಮೆಕ್ಯಾನಿಕ್‌ದು.

ಕಲಿಸದ ಗುರು, ನಿಲ್ಲದ ಕೆಲಸ

ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರ ಅಲ್ಬೆಕ್ ಎಂಬ ಹಳ್ಳಿಯಿದೆ. ರಾಬರ್ಟ್ ಬಾಷ್ ಹುಟ್ಟಿದ್ದು ಅಲ್ಲಿ, 1861ರ ಸೆಪ್ಟೆಂಬರ್ 23ರಂದು. 12 ಮಕ್ಕಳಲ್ಲಿ ಅವರು 11ನೆಯವರು. ತಂದೆ ಸರ್ವೇಷಿಯಸ್ ಬಾಷ್ ಬೇಸಾಯಗಾರರು. ಜೊತೆಗೆ ದಾರಿಹೋಕರು ಉಳಿದುಕೊಳ್ಳುವ ಒಂದು ವಸತಿಗೃಹವನ್ನೂ ನಡೆಸುತ್ತಿದ್ದರು. ಓದಿನ ಬೆಲೆ ಬಲ್ಲ ಮನೆತನವಾದರೂ ರಾಬರ್ಟ್‌ಗೆ ಶಾಲೆ ಅಷ್ಟಾಗಿ ಹಿಡಿಸಲಿಲ್ಲ. 1876ರಲ್ಲಿ, 15ರ ವಯಸ್ಸಿನಲ್ಲಿ, ಉಲ್ಮ್‌ನ ಒಬ್ಬ ಸೂಕ್ಷ್ಮ ಉಪಕರಣಗಳ ಮೇಸ್ತ್ರಿಯ ಬಳಿ ಕೆಲಸ ಕಲಿಯಲು ಸೇರಿದರು.

ಅಲ್ಲಿ ಮೂರು ವರ್ಷ ಕಳೆದರೂ ಕಲಿತದ್ದು ಕಡಿಮೆ. ಮೇಸ್ತ್ರಿಗೆ ಹುಡುಗರಿಗೆ ಹೇಳಿಕೊಡುವುದರಲ್ಲಿ ಆಸಕ್ತಿಯೇ ಇರಲಿಲ್ಲ. ಇಂಟರ್ನ್‌ಶಿಪ್ ಎಂದು ಹೋಗಿ ಫೈಲ್ ಹೊತ್ತು, ಜೆರಾಕ್ಸ್ ಮಾಡಿಸಿ ಬರುವ ನಮ್ಮಲ್ಲಿ ಹಲವರಿಗೆ ಈ ಅನುಭವ ಹೊಸದಲ್ಲ. ಬಾಷ್ ಆ ಕೊರತೆಯನ್ನು ಮರೆಯಲಿಲ್ಲ. ಅದನ್ನು ತುಂಬಿಕೊಳ್ಳಲು ಊರೂರು ಸುತ್ತಿದರು. ಜರ್ಮನಿಯ ಹಲವು ಕಡೆ ದುಡಿದರು. ಸ್ಟಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿನಲ್ಲಿ ಕೆಲಕಾಲ ಅತಿಥಿ ವಿದ್ಯಾರ್ಥಿಯಾಗಿ ಕುಳಿತು ವಿದ್ಯುತ್ತಿನ ಪಾಠ ಕೇಳಿದರು. ಪದವಿಗಾಗಿ ಅಲ್ಲ, ವೋಲ್ಟ್, ಆಂಪಿಯರ್ ಎಂಬ ಪದಗಳ ಭಯ ಹೋಗಲಿ ಎಂದು. 1884ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನಲ್ಲಿ ಎಡಿಸನ್ ಅವರ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಅಲ್ಲಿಂದ ಇಂಗ್ಲೆಂಡಿಗೆ ಬಂದು ಸೀಮೆನ್ಸ್ ಸಂಸ್ಥೆಯಲ್ಲಿ ದುಡಿದು ಊರಿಗೆ ಮರಳಿದರು.

1886ರ ನವೆಂಬರ್ 15ರಂದು, 25ರ ವಯಸ್ಸಿನಲ್ಲಿ, ಸ್ಟಟ್‌ಗಾರ್ಟ್‌ನ ಒಂದು ಕಟ್ಟಡದ ಹಿತ್ತಿಲಲ್ಲಿ ಸ್ವಂತ ವರ್ಕ್‌ಶಾಪ್ ತೆರೆದರು. ತಂದೆಯಿಂದ ಬಂದ ಪಾಲಿನ ಹಣವೇ ಬಂಡವಾಳ. ಜೊತೆಗೆ ಒಬ್ಬ ಮೆಕ್ಯಾನಿಕ್, ಒಬ್ಬ ಆಳು ಹುಡುಗ. ಟೆಲಿಫೋನ್ ಜೋಡಿಸುವುದು, ಕರೆಗಂಟೆ ಕೂರಿಸುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು. ಬಂದ ಕೆಲಸವೆಲ್ಲ ಮಾಡಿದರು. ಗಿರಾಕಿಗಳ ಮನೆಗೆ ಸೈಕಲ್ ಮೇಲೆ ಹೋಗುತ್ತಿದ್ದರು. ಮೊದಲ ಹತ್ತು ವರ್ಷ ನೆಮ್ಮದಿ ಇರಲಿಲ್ಲ. ಒಮ್ಮೆಯಂತೂ ಆರ್ಡರ್ ನಿಂತು ಬಹುಪಾಲು ಕೆಲಸಗಾರರನ್ನು ಕಳಿಸಬೇಕಾಯಿತು. ಸಾಲ ಮತ್ತು ಮನೆಯವರ ನೆರವಿನಿಂದ ಅಂಗಡಿ ಉಳಿಯಿತು.

ಕಿಡಿಯಿಂದ ಶುರುವಾದ ಹೆಸರು

1887ರಲ್ಲಿ ಒಬ್ಬ ಗಿರಾಕಿ ತನ್ನ ಗ್ಯಾಸ್ ಎಂಜಿನ್ನಿಗೆ ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಬೇಕೆಂದು ಬಂದ. ಅಂಥ ಉಪಕರಣ ಬೇರೆಡೆ ಆಗಲೇ ಇತ್ತು. ಬಾಷ್ ಅದನ್ನು ನೋಡಿ, ಇನ್ನಷ್ಟು ಗಟ್ಟಿಯಾಗಿ ಮಾಡಿಕೊಟ್ಟರು. ಹತ್ತು ವರ್ಷಗಳ ಬಳಿಕ, 1897ರಲ್ಲಿ, ಅದೇ ಮ್ಯಾಗ್ನೆಟೊವನ್ನು ಮೊದಲ ಬಾರಿಗೆ ಓಡುವ ವಾಹನವೊಂದಕ್ಕೆ, ಮೂರು ಗಾಲಿಯ ಬಂಡಿಗೆ, ಅವರ ಕಾರ್ಖಾನೆಯಲ್ಲಿ ಅಳವಡಿಸಲಾಯಿತು. 1902ರಲ್ಲಿ ಅವರ ಎಂಜಿನಿಯರ್ ಗಾಟ್ಲೋಬ್ ಹೊನೋಲ್ಡ್ ಸ್ಪಾರ್ಕ್ ಪ್ಲಗ್ ಜೊತೆಗಿನ ಹೈ ವೋಲ್ಟೇಜ್ ಮ್ಯಾಗ್ನೆಟೊ ರೂಪಿಸಿದರು. ಹೊನೋಲ್ಡ್ ಹುಡುಗನಾಗಿದ್ದಾಗ ಇದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ಅಲ್ಲಿಂದ ಬಾಷ್ ಹೆಸರು ಕಾರುಗಳ ಜೊತೆ ದೇಶದೇಶಕ್ಕೆ ಹೋಯಿತು.

ಬಾಷ್ ಜಿಪುಣ ಎನಿಸುವಷ್ಟು ಮಿತವ್ಯಯಿ. ಬೇಡದ ಕಡೆ ದೀಪ ಉರಿಯುವುದನ್ನು ಸಹಿಸುತ್ತಿರಲಿಲ್ಲ. ಕಚೇರಿಯ ನೆಲದ ಮೇಲೆ ಬಿದ್ದಿದ್ದ ಪೇಪರ್ ಕ್ಲಿಪ್ ಎತ್ತಿಕೊಂಡು ಅಲ್ಲಿದ್ದ ನೌಕರನನ್ನು ತರಾಟೆಗೆ ತೆಗೆದುಕೊಂಡ ಕತೆ ಇಂದಿಗೂ ಪ್ರಚಲಿತ. ಆದರೆ ಇದೇ ಮನುಷ್ಯ 1906ರಲ್ಲೇ ತನ್ನ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ಕೆಲಸ ಜಾರಿಗೆ ತಂದರು. ಆಗ ಇತರ ಮಾಲೀಕರು ಮೂಗು ಮುರಿದರು. ಕೆಂಪು ಬಾಷ್ ಎಂಬ ಅಡ್ಡಹೆಸರೂ ಅಂಟಿಕೊಂಡಿತು. ದಣಿದ ಕೈಯಿಂದ ಸೂಕ್ಷ್ಮ ಕೆಲಸ ಆಗದು ಎಂಬುದು ಕೆಲಸಗಾರನಾಗಿದ್ದ ಬಾಷ್‌ಗೆ ಗೊತ್ತಿತ್ತು. ಹಾಗೆಂದು ಎಲ್ಲವೂ ಸುಸೂತ್ರ ಇರಲಿಲ್ಲ. 1913ರಲ್ಲಿ ದೊಡ್ಡ ಮುಷ್ಕರವೇ ನಡೆಯಿತು. ಅದೇ ವರ್ಷ ಹೊಸ ಹುಡುಗರಿಗೆ ಕ್ರಮವಾಗಿ ಕೆಲಸ ಕಲಿಸುವ ಪ್ರತ್ಯೇಕ ವಿಭಾಗವನ್ನು ಬಾಷ್ ತೆರೆದರು. ತಮಗೆ ಸಿಗದ ಗುರುವನ್ನು ಮುಂದಿನವರಿಗೆ ಒದಗಿಸಿದರು.

ಆಳೆತ್ತರದ ಎಂಜಿನ್ನು ಲಾರಿಗೆ ಬಂದದ್ದು

ಇತ್ತ ರುಡಾಲ್ಫ್ ಡೀಸೆಲ್ 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತಮ್ಮ ಎಂಜಿನ್ನನ್ನು ಓಡಿಸಿ ತೋರಿಸಿದ್ದರು. ಆಗಿನ ಬೇರಾವ ಎಂಜಿನ್ನೂ ಅಷ್ಟು ಕಡಿಮೆ ಇಂಧನಕ್ಕೆ ಅಷ್ಟು ಕೆಲಸ ಮಾಡುತ್ತಿರಲಿಲ್ಲ. ಆದರೆ ಅದು ಆಳೆತ್ತರವನ್ನೂ ಮೀರಿದ, ಟನ್‌ಗಟ್ಟಲೆ ತೂಕದ ಯಂತ್ರ. ಇಂಧನವನ್ನು ಸಿಲಿಂಡರಿನೊಳಗೆ ಊದಲು ಅತಿ ಒತ್ತಡದ ಗಾಳಿ ಬೇಕಿತ್ತು. ಅದಕ್ಕೆಂದೇ ಒಂದು ಕಂಪ್ರೆಸರ್ ಜೊತೆಗಿರಬೇಕಿತ್ತು. ಕಾರ್ಖಾನೆಗೆ, ಹಡಗಿಗೆ ಸರಿ. ರಸ್ತೆಯ ಮೇಲೆ ಹೊರುವವರು ಯಾರು? ಡೀಸೆಲ್ 1913ರಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾಗಿ ಸಮುದ್ರದಲ್ಲಿ ತೀರಿಕೊಂಡರು. ಅವರ ಎಂಜಿನ್ನಿನಿಂದ ಓಡುವ ಲಾರಿಗಳು ಸಾಲುಸಾಲಾಗಿ ಹೊರಬಂದದ್ದನ್ನು ಅವರು ನೋಡಲಿಲ್ಲ.

ಮೊದಲ ಮಹಾಯುದ್ಧ ಬಾಷ್ ಕಂಪನಿಯನ್ನೂ ನಡುಗಿಸಿತು. ಹೊರದೇಶದ ಶಾಖೆಗಳು, ಪೇಟೆಂಟ್‌ಗಳು ಕೈತಪ್ಪಿದವು. 1921ರಲ್ಲಿ ಮಗ ರಾಬರ್ಟ್ ದೀರ್ಘಕಾಲದ ಕಾಯಿಲೆಯಿಂದ ತೀರಿಕೊಂಡ; ಕಂಪನಿಯನ್ನು ಅವನಿಗೆ ಒಪ್ಪಿಸುವ ತಂದೆಯ ಆಸೆಯೂ ಅವನ ಜೊತೆ ಹೋಯಿತು. ಅಂಥ ಹೊತ್ತಿನಲ್ಲಿ, 1922ರ ಕೊನೆಗೆ, 61ರ ಬಾಷ್ ಹೊಸ ಕೆಲಸ ಕೈಗೆತ್ತಿಕೊಂಡರು. ಡೀಸೆಲ್ ಎಂಜಿನ್ನಿಗೆ ಕಂಪ್ರೆಸರ್ ಬೇಡ. ಪಂಪ್ ಒಂದೇ ಇಂಧನವನ್ನು ಒತ್ತಿ, ಅಳೆದು, ಸರಿಯಾದ ಕ್ಷಣಕ್ಕೆ ಸಿಲಿಂಡರಿಗೆ ಚಿಮ್ಮಿಸಬೇಕು. ಹಲವು ನಮೂನೆಗಳನ್ನು ಮಾಡಿ, ಪರೀಕ್ಷಿಸಿ, ಬಿಟ್ಟು, ಮತ್ತೆ ಮಾಡಿ ಐದು ವರ್ಷ ಕಳೆಯಿತು. 1927ರಲ್ಲಿ ಲಾರಿ ಎಂಜಿನ್ನುಗಳ ಇಂಜೆಕ್ಷನ್ ಪಂಪ್ ಸಾಲುಸಾಲಾಗಿ ತಯಾರಾಗತೊಡಗಿತು. 1936ರಲ್ಲಿ ಬಂದ ಮರ್ಸಿಡಿಸ್ 260 ಡಿ ಕಾರಿನಲ್ಲೂ ಅದೇ ಮನೆತನದ ಪಂಪ್ ಇತ್ತು.

ಆ ಪಂಪಿನೊಳಗೆ ಪ್ರತಿ ಸಿಲಿಂಡರಿಗೂ ಒಂದು ಸಣ್ಣ ಉಕ್ಕಿನ ಪ್ಲಂಜರ್ ಇದೆ. ಅದು ತನ್ನ ಬ್ಯಾರೆಲ್ಲಿನಲ್ಲಿ ಮೇಲೆ ಕೆಳಗೆ ಆಡುತ್ತದೆ. ಎರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದ ಕೆಲವೇ ಪಾಲು. ನಮ್ಮ ತಲೆಗೂದಲಿನ ದಪ್ಪ ಅದರ ಹತ್ತಾರು ಪಟ್ಟು. ಅಲ್ಲಿ ರಬ್ಬರ್ ಸೀಲ್ ಇಲ್ಲ. ಅಷ್ಟು ಬಿಗಿಯಾಗಿ ಹೊಂದಿಕೊಂಡಿರುವುದರಿಂದಲೇ ಒತ್ತಡ ಸೋರುವುದಿಲ್ಲ. ಅದಕ್ಕೆ ಬೇರೆ ಆಯಿಲ್ಲೂ ಇಲ್ಲ. ಹಾದುಹೋಗುವ ಡೀಸೆಲ್ಲೇ ಪ್ಲಂಜರಿಗೆ ಜಾರಿಕೆ. ಒಂದು ಪ್ಲಂಜರನ್ನು ಇನ್ನೊಂದರ ಬ್ಯಾರೆಲ್ಲಿಗೆ ಹಾಕುವಂತಿಲ್ಲ. ಜೋಡಿಯಾಗಿ ಉಜ್ಜಿ ಹೊಂದಿಸಿದ್ದನ್ನು ಜೋಡಿಯಾಗಿಯೇ ಬದಲಿಸಬೇಕು. ಹಿತ್ತಿಲ ವರ್ಕ್‌ಶಾಪಿನ ಸೂಕ್ಷ್ಮ ಕೆಲಸದ ಪಾಠ ಇಲ್ಲಿಗೆ ಬಂದು ಮುಟ್ಟಿತ್ತು.

ಪಂಪಿನ ಕಾವಲುಗಾರ

ಇಂಥ ಪಂಪಿಗೆ ಕಣ್ಣಿಗೆ ಕಾಣದ ಧೂಳಿನ ಕಣವೂ ಮರಳುಕಾಗದದಂತೆ. ನೀರು ಬಂದರೆ ತುಕ್ಕು. ಗಾಳಿ ಬಂದರೆ ಕೆಲಸವೇ ನಿಲ್ಲುತ್ತದೆ. ಡೀಸೆಲ್ಲನ್ನು ಒತ್ತಿದರೆ ಅದು ಹೆಚ್ಚು ಕುಗ್ಗುವುದಿಲ್ಲ, ಒತ್ತಡ ನೇರ ನಾಝಲ್‌ಗೆ ಮುಟ್ಟುತ್ತದೆ. ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ. ಪ್ಲಂಜರ್ ಎಷ್ಟು ಒತ್ತಿದರೂ ನಾಝಲ್ ತೆರೆಯುವಷ್ಟು ಒತ್ತಡ ಏರುವುದಿಲ್ಲ. ಲಾರಿ ನಿಂತದ್ದು ಇದರಿಂದಲೇ. ಆದ್ದರಿಂದಲೇ ಪಂಪಿಗೆ ಮುಂಚೆ ಫಿಲ್ಟರ್ ಎಂಬ ಕಾವಲುಗಾರ ಬೇಕು. ಅವನನ್ನು ಬದಲಿಸುವಾಗ ನಾವು ಮಾಡುವ ಅವಸರ ಪಂಪಿನ ಮೇಲೆ ಬೀಳುತ್ತದೆ.

ಹಳೆಯ ಮಾದರಿಯ ಲಾರಿಯಲ್ಲಿ ಕೆಲಸ ಹೀಗೆ ಸಾಗಬೇಕು. ಎಂಜಿನ್ ಆರಿರಲಿ, ಹತ್ತಿರ ಬೀಡಿ, ಬೆಂಕಿ ಬೇಡ. ಮೊದಲು ಫಿಲ್ಟರಿನ ಹೊರಮೈ ಒರೆಸಿ. ಬಿಚ್ಚಿದ ಮೇಲೆ ಒರೆಸಿದರೆ ಧೂಳು ಒಳಗೇ ಬೀಳುತ್ತದೆ. ಕೆಳಗೆ ಒಂದು ಟ್ರೇ ಇಟ್ಟು ಡೀಸೆಲ್ ಇಳಿಸಿ. ನೀರು ನಿಲ್ಲುವ ಬಟ್ಟಲಿದ್ದರೆ ಅದನ್ನೂ ಖಾಲಿ ಮಾಡಿ ತೊಳೆಯಿರಿ. ಒರೆಸಲು ನೂಲು ಬಿಡುವ ವೇಸ್ಟ್ ಬೇಡ, ಎಳೆ ಬಿಡದ ಬಟ್ಟೆ ಬೇಕು.

ಹಳೆಯ ಫಿಲ್ಟರ್ ಬಂದರೂ ಅದರ ರಬ್ಬರ್ ರಿಂಗ್ ಎಷ್ಟೋ ಸಲ ಮೇಲಿನ ತಲೆಗೆ ಅಂಟಿಕೊಂಡೇ ಇರುತ್ತದೆ. ಅದರ ಮೇಲೆ ಹೊಸ ರಿಂಗ್ ಕೂತರೆ ಎರಡೂ ಸರಿಯಾಗಿ ಕೂರುವುದಿಲ್ಲ, ಸೋರಿಕೆ ಖಚಿತ. ಬೆರಳಾಡಿಸಿ ನೋಡಿ ತೆಗೆಯಬೇಕು. ಹೊಸ ರಿಂಗಿಗೆ ಶುದ್ಧ ಡೀಸೆಲ್ ಸವರಿ ಕೂರಿಸಿದರೆ ಅದು ಮಡಚಿಕೊಳ್ಳುವುದಿಲ್ಲ. ತಿರುಗಿಸಿ ಹಾಕುವ ಡಬ್ಬಿ ಫಿಲ್ಟರ್ ಆದರೆ ರಿಂಗ್ ತಾಕುವವರೆಗೆ ಕೈಯಲ್ಲಿ ತಿರುಗಿಸಿ, ಆಮೇಲೆ ಅದರ ಮೇಲೆ ಬರೆದಷ್ಟೇ ಬಿಗಿ ಮಾಡಬೇಕು. ಪಾನಾ ಹಾಕಿ ಬಲ ತೋರಿಸಿದರೆ ರಿಂಗ್ ಹಿಂಡಿ ಹರಿಯುತ್ತದೆ. ಸೋರಬಾರದೆಂದು ಅತಿಯಾಗಿ ಬಿಗಿದದ್ದೇ ಸೋರಿಕೆಗೆ ದಾರಿ. ಪೈಪಿನ ಬೋಲ್ಟುಗಳನ್ನು ಬಿಚ್ಚಿದರೆ ಅವುಗಳ ತಾಮ್ರದ ವಾಷರ್ ಹೊಸದು ಹಾಕಿ. ಒಮ್ಮೆ ಒತ್ತಿಸಿಕೊಂಡ ವಾಷರ್ ಮತ್ತೆ ಹೊಂದಿಕೊಳ್ಳುವುದು ಅಪರೂಪ. ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿಯುವ ರೂಢಿಯೂ ಇದೆ. ನಡುವಿನ ರಂಧ್ರಕ್ಕೆ ಸುರಿದರೆ ಸೋಸದ ಡೀಸೆಲ್ ಸೀದಾ ಪಂಪಿಗೆ ಹೋಗುತ್ತದೆ, ಫಿಲ್ಟರ್ ಹಾಕಿಯೂ ಹಾಕದಂತೆ.

ಇನ್ನು ಏರ್ ತೆಗೆಯುವುದು. ಫಿಲ್ಟರಿನ ಮೇಲಿನ ಬ್ಲೀಡಿಂಗ್ ಸ್ಕ್ರೂ ಸ್ವಲ್ಪ ಸಡಿಲಿಸಿ ಕೈಪಂಪ್ ಒತ್ತುತ್ತ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಆಗ ಸ್ಕ್ರೂ ಬಿಗಿದು, ಪಂಪಿನ ಸ್ಕ್ರೂನಲ್ಲೂ ಹಾಗೆಯೇ ಮಾಡಬೇಕು. ಸುತ್ತ ಒರೆಸಿ ಒಣಗಿಸಿ ಎಂಜಿನ್ ಸ್ಟಾರ್ಟ್ ಮಾಡಿ. ಒಣಗಿದ ಜಾಗದಲ್ಲಿ ತೇವ ಕಂಡರೆ ಸೋರಿಕೆ ಅಲ್ಲೇ. ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ನೋಡುವುದು ಒಳ್ಳೆಯದು.

ಸೋರಿಕೆಯಲ್ಲಿ ಎರಡು ಬಗೆ ಎಂಬುದನ್ನು ನೆನಪಿಡಬೇಕು. ಫೀಡ್ ಪಂಪಿನಿಂದ ಮುಂದಕ್ಕೆ ಡೀಸೆಲ್ ಒತ್ತಡದಲ್ಲಿದೆ. ಅಲ್ಲಿ ಸಂದಿದ್ದರೆ ಹೊರಗೆ ತೊಟ್ಟಿಕ್ಕುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲ್ಲನ್ನು ಎಳೆಯಲಾಗುತ್ತದೆ. ಅಲ್ಲಿ ಸಂದಿದ್ದರೆ ಎಂಜಿನ್ ಓಡುವಾಗ ಏನೂ ತೊಟ್ಟಿಕ್ಕದೆ ಗಾಳಿ ಒಳಸೇರುತ್ತದೆ. ಆದ್ದರಿಂದ ನೆಲ ಒಣಗಿದೆ ಎಂಬುದೊಂದೇ ಸಾಕ್ಷಿಯಲ್ಲ. ಬಿರುಕು ಬಿಟ್ಟ ರಬ್ಬರ್ ಪೈಪ್, ಸಡಿಲಾದ ಕ್ಲಿಪ್, ಕೈಪಂಪಿನ ಸವೆದ ಸೀಲ್ ಎಲ್ಲವನ್ನೂ ನೋಡಬೇಕು. ಪಂಪಿನಿಂದ ನಾಝಲ್‌ಗೆ ಹೋಗುವ ಉಕ್ಕಿನ ಪೈಪಿನ ಸೋರಿಕೆಯನ್ನು ಮಾತ್ರ ಕೈಯಿಂದ ಮುಟ್ಟಿ ಹುಡುಕಲೇಬಾರದು. ಆ ಒತ್ತಡದ ಚಿಮ್ಮು ಚರ್ಮವನ್ನೇ ಸೀಳಿ ಒಳಹೋಗುತ್ತದೆ. ಇಂದಿನ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ. ಅಲ್ಲಿ ಓಡುವ ಎಂಜಿನ್ನಿನ ಪೈಪ್ ಸಡಿಲಿಸುವಂತೆಯೇ ಇಲ್ಲ, ಏರ್ ತೆಗೆಯುವ ಕ್ರಮವನ್ನೂ ಆ ವಾಹನದ ಕೈಪಿಡಿಯೇ ಹೇಳಬೇಕು.

ಕೊನೆಯ ವರ್ಷಗಳು

ಬಾಷ್ ಬದುಕಿನ ಕೊನೆಯ ವರ್ಷಗಳನ್ನು ಓದುವಾಗ ಈ ಕಾಣದ ಸೋರಿಕೆಯೇ ನೆನಪಾಗುತ್ತದೆ. ಹಿಟ್ಲರ್ ಆಡಳಿತವನ್ನು ಅವರು ಒಪ್ಪಲಿಲ್ಲ. ಹಿಂಸೆಗೆ ಗುರಿಯಾದ ಯಹೂದಿಗಳಿಗೆ ಅವರೂ ಅವರ ಆಪ್ತರೂ ನೆರವಾದರು. ಹಿಟ್ಲರ್ ವಿರುದ್ಧ ಸಂಚು ಹೂಡಿ ಮುಂದೆ ಗಲ್ಲಿಗೇರಿದ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಕಂಪನಿಯಲ್ಲೇ ಸಲಹೆಗಾರನ ಸ್ಥಾನ ಕೊಟ್ಟರು. ಆದರೆ ಅದೇ ಕಂಪನಿ ಆ ಆಡಳಿತದ ಯುದ್ಧಕ್ಕೆ ಸಾಮಗ್ರಿ ತಯಾರಿಸಿತು. ಯುದ್ಧದ ವರ್ಷಗಳಲ್ಲಿ ಬಲವಂತವಾಗಿ ತಂದ ಸಾವಿರಾರು ಜನ ಅದರ ಕಾರ್ಖಾನೆಗಳಲ್ಲಿ ದುಡಿದರು. ಎಂಟು ಗಂಟೆಯ ಕೆಲಸ ತಂದವರ ಕಾರ್ಖಾನೆಯಲ್ಲಿ ನಡೆದ ಈ ಅನ್ಯಾಯವನ್ನು ಬಿಟ್ಟು ಅವರ ಕತೆ ಹೇಳಿದರೆ ಅರ್ಧ ಹೇಳಿದಂತೆ. ಪ್ಲಂಜರಿನ ಸಂದು ಅಳೆಯಲು ಗೇಜ್ ಇದೆ. ಕಾಲ ಕೆಟ್ಟಾಗ ನಮ್ಮ ಕೆಲಸದೊಳಗೆ ಏನು ಸೇರಿಕೊಳ್ಳುತ್ತಿದೆ ಎಂದು ಅಳೆಯಲು ಅಂಥ ಗೇಜ್ ಇಲ್ಲ.

1940ರಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಬಾಷ್ ಕಟ್ಟಿಸಿದ ಆಸ್ಪತ್ರೆ ಬಾಗಿಲು ತೆರೆಯಿತು. 1942ರ ಮಾರ್ಚ್ 12ರಂದು ಕಿವಿಯ ಸೋಂಕು ಉಲ್ಬಣಿಸಿ ಅವರು ತೀರಿಕೊಂಡರು. ಆಗ 80 ವರ್ಷ. ಅವರು ಒಪ್ಪದ ಸರ್ಕಾರವೇ ಸರ್ಕಾರಿ ಗೌರವದ ಅಂತ್ಯಕ್ರಿಯೆ ನಡೆಸಿತು. ಕಂಪನಿಯ ಬಹುಪಾಲು ಷೇರುಗಳು ಇಂದು ಅವರ ಹೆಸರಿನ ಸೇವಾ ಪ್ರತಿಷ್ಠಾನದ ಒಡೆತನದಲ್ಲಿವೆ.

ಅವರ ಕಂಪನಿ ನಮ್ಮ ದೇಶಕ್ಕೆ ಬಂದದ್ದು 1922ರಲ್ಲಿ, ಕಲ್ಕತ್ತಾದ ಮಾರಾಟ ಏಜೆನ್ಸಿಯ ಮೂಲಕ. ಅವರು ತೀರಿಕೊಂಡ ಒಂಬತ್ತು ವರ್ಷಗಳ ಬಳಿಕ, 1951ರಲ್ಲಿ, ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅಂದರೆ ಮೈಕೊ ಹುಟ್ಟಿತು. ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ ಮತ್ತು ಡೀಸೆಲ್ ಪಂಪುಗಳು ತಯಾರಾದವು. 2008ರಲ್ಲಿ ಮೈಕೊ ಹೆಸರು ಬಾಷ್ ಎಂದಾಯಿತು. ಬೆಂಗಳೂರಿನ ಮೈಕೊ ಲೇಔಟ್ ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಸೆಮಿಸ್ಟರ್ ಮುಗಿದರೆ ಪ್ಲೇಸ್‌ಮೆಂಟ್, ಪ್ಲೇಸ್‌ಮೆಂಟ್ ಆಗದಿದ್ದರೆ ಇನ್ನೊಂದು ಕೋಚಿಂಗ್ ಎಂಬ ಓಟದಲ್ಲಿ ನಾವಿದ್ದೇವೆ. ರೆಸ್ಯೂಮೆಯಲ್ಲಿ ಹೇಗೆ ಕಾಣುತ್ತೇವೆ ಎಂಬ ಚಿಂತೆಯೇ ದೊಡ್ಡದು. ಬಾಷ್ ಬದುಕಿನ ಮೊದಲ ಪುಟಗಳು ಇಂದಿನ ರೆಸ್ಯೂಮೆ ಆಗಿದ್ದರೆ ಶಾರ್ಟ್‌ಲಿಸ್ಟ್ ಆಗುತ್ತಿತ್ತೋ ಇಲ್ಲವೋ: ಅರ್ಧಂಬರ್ಧ ತರಬೇತಿ, ಪದವಿ ಇಲ್ಲ, ಪದೇ ಪದೇ ಕೆಲಸ ಬದಲಾವಣೆ, ಹತ್ತು ವರ್ಷ ನಷ್ಟದ ಅಂಗಡಿ. ಆ ಹತ್ತು ವರ್ಷವೂ ಅವರು ತಮ್ಮ ಕೈಯಿಂದ ಕಳಪೆ ಕೆಲಸ ಹೊರಹೋಗಲು ಬಿಡಲಿಲ್ಲ. ಹಣ ಹೋದರೂ ಗಿರಾಕಿಯ ನಂಬಿಕೆ ಹೋಗಬಾರದೆಂದು ನಡೆದುಕೊಂಡರು.

ಫಿಲ್ಟರ್ ಬದಲಿಸುವ ಹುಡುಗ ಹಳೆಯ ರಿಂಗ್ ತೆಗೆದನೋ ಇಲ್ಲವೋ ಎಂದು ಲಾರಿಯ ಮಾಲೀಕ ಇಣುಕಿ ನೋಡುವುದಿಲ್ಲ. ಅದು ಗೊತ್ತಾಗುವುದು ಚಾರ್ಮಾಡಿಯ ತಿರುವಿನಲ್ಲಿ, ರಾತ್ರಿ ಎರಡು ಗಂಟೆಗೆ, ಲೋಡ್ ಹೊತ್ತ ಡ್ರೈವರಿಗೆ. ಬೆರಳಾಡಿಸಿ ನೋಡಲು ಬೇಕಾದದ್ದು ಅರ್ಧ ನಿಮಿಷ.